ಸುಬೇದಾರರ ಮಗ ಮತ್ತು ರೋಹಿಣಿಯ ನೀರು: ಅಂಬೇಡ್ಕರರ ಬದುಕಿನಲ್ಲಿ ಸೈನ್ಯ, ಯುದ್ಧ ಮತ್ತು ಮನುಷ್ಯತ್ವ

1

ಡಾ. ಬಿ.ಆರ್. ಅಂಬೇಡ್ಕರ್ ಅವರ ಬದುಕನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರಹಗಳು ಅವರನ್ನು ಸಂವಿಧಾನ ಶಿಲ್ಪಿಯಾಗಿ, ಅರ್ಥಶಾಸ್ತ್ರಜ್ಞರಾಗಿ, ಸಾಮಾಜಿಕ ಹೋರಾಟಗಾರರಾಗಿ, ಬೌದ್ಧ ಚಿಂತಕರಾಗಿ ವಿವೇಚಿಸಿವೆ. ಸೈನ್ಯದೊಂದಿಗೆ ಅವರಿಗಿದ್ದ ಸಂಬಂಧ ಮಾತ್ರ ಬಾಲ್ಯದ ಹಿನ್ನೆಲೆಯನ್ನು ಹೇಳುವ ಒಂದೆರಡು ವಾಕ್ಯಗಳಿಗೆ ಸೀಮಿತವಾಗಿದೆ. ಆದರೆ ಸೈನ್ಯವೆಂಬ ಸಂಸ್ಥೆ ಅವರ ಬದುಕಿನ ಮೊದಲಿನಿಂದ ಕೊನೆಯವರೆಗೆ ಒಂದು ಪ್ರಶ್ನೆಯಾಗಿ ಅವರನ್ನು ಹಿಂಬಾಲಿಸಿತು. ಒಂದು ಸಮುದಾಯದ ದೇಹಬಲವನ್ನು ಯುದ್ಧಕ್ಕೆ ಬಳಸಿಕೊಳ್ಳುವ ಪ್ರಭುತ್ವ ಮತ್ತು ಸಮಾಜಗಳು ಯುದ್ಧ ಮುಗಿದ ಮೇಲೆ ಅದೇ ಸಮುದಾಯದ ಮನುಷ್ಯತ್ವವನ್ನು ನಿರಾಕರಿಸುವುದು ಹೇಗೆ ಸಾಧ್ಯವಾಗುತ್ತದೆ ಎಂಬುದೇ ಆ ಪ್ರಶ್ನೆ. ಪಂಪನ ಕರ್ಣನನ್ನು ಬಲ್ಲ ಕನ್ನಡ ಓದುಗರಿಗೆ ಈ ಇಕ್ಕಟ್ಟು ಅಪರಿಚಿತವಲ್ಲ. ರಣರಂಗದಲ್ಲಿ ಅವನ ತೋಳು ನೆನಪಾಗುತ್ತದೆ. ಸಭೆಯಲ್ಲಿ ಅವನ ಕುಲ ನೆನಪಾಗುತ್ತದೆ.

ಈ ಪ್ರಶ್ನೆಯನ್ನು ಕನ್ನಡ ನಾಡಿನ ನೆಲೆಯಿಂದ ಕೇಳಿಕೊಳ್ಳಲು ವಿಶೇಷ ಕಾರಣವಿದೆ. 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಂಬೇಡ್ಕರರು ತೀರಿಕೊಂಡದ್ದು ಅದೇ ವರ್ಷದ ಡಿಸೆಂಬರ್ 6ರಂದು. ಅಂದರೆ ಅವರ ಸಾರ್ವಜನಿಕ ಜೀವನದ ಹೆಚ್ಚುಕಡಿಮೆ ಇಡೀ ಅವಧಿಯಲ್ಲಿ ಬೆಳಗಾವಿ, ಚಿಕ್ಕೋಡಿ, ಅಥಣಿ, ನಿಪ್ಪಾಣಿಗಳು ಅವರ ಪ್ರಾಂತದ ಒಳಗೇ ಇದ್ದವು. ಈ ಪ್ರದೇಶದ ಮಟ್ಟಿಗೆ ಅವರು ಹೊರಗಿನಿಂದ ಬಂದ ನಾಯಕರಲ್ಲ.

2

ನಿಪ್ಪಾಣಿಗೆ ಹತ್ತಿರದ ಅಕ್ಕೋಳದಂತಹ ದೊಡ್ಡ ಹಳ್ಳಿಗಳಿರುವ ಈ ಸೀಮೆಯ ಗ್ರಾಮವ್ಯವಸ್ಥೆಯಲ್ಲಿ ಮಹಾರರ ಸ್ಥಾನ ವಿಚಿತ್ರವಾದುದಾಗಿತ್ತು. ಸರಕಾರಿ ಕಾಗದ ಒಯ್ಯುವುದು, ಅಧಿಕಾರಿಗಳಿಗೆ ದಾರಿ ತೋರುವುದು, ಊರ ಕಾವಲು, ಸತ್ತ ದನಗಳನ್ನು ಸಾಗಿಸುವುದು ವತನದ ಕೆಲಸಗಳು. ಇದಕ್ಕೆ ಪ್ರತಿಯಾಗಿ ತುಂಡು ಇನಾಮು ಭೂಮಿ ಮತ್ತು ಕಾಳಿನ ರೂಪದ ಆಯ. ಎರಡು ಊರುಗಳ ನಡುವೆ ಎಲ್ಲೆಯ ತಕರಾರು ಬಂದರೆ ಮಹಾರರ ಸಾಕ್ಷ್ಯಕ್ಕೆ ತೂಕವಿತ್ತು. ಊರಿನ ಎಲ್ಲೆಯನ್ನು ಗುರುತಿಸಿಕೊಡುವವರು ತಾವೇ ಆ ಊರಿನ ಹೊರಗೆ ವಾಸಿಸಬೇಕಿತ್ತು. 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯಿದೆ ಈ ಸಂಬಂಧಕ್ಕೆ ಕಾನೂನಿನ ಚೌಕಟ್ಟನ್ನು ಒದಗಿಸಿತು. 1928ರಲ್ಲಿ ಅಂಬೇಡ್ಕರರು ಮುಂಬಯಿ ವಿಧಾನ ಪರಿಷತ್ತಿನಲ್ಲಿ ಅದರ ತಿದ್ದುಪಡಿಗೆ ಮಸೂದೆ ಮಂಡಿಸಿದರು.

ಈ ವ್ಯವಸ್ಥೆಯಿಂದ ಹೊರಬರಲು ಇದ್ದ ಕೆಲವೇ ದಾರಿಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವೂ ಒಂದು. 1818ರ ಜನವರಿ 1ರಂದು ಭೀಮಾ ತೀರದ ಕೋರೇಗಾಂವಿನಲ್ಲಿ ಪೇಶ್ವೆಯ ಪಡೆಯೊಂದಿಗೆ ಹೋರಾಡಿದ ಕಂಪನಿಯ ದಳದಲ್ಲಿ ಮಹಾರರಿದ್ದರು. ಅಲ್ಲಿನ ಸ್ತಂಭದಲ್ಲಿ ಮಡಿದವರ ಸಾಲಿನಲ್ಲಿ ಕಾಣುವ, ‘ನಾಕ’ ಎಂದು ಕೊನೆಗೊಳ್ಳುವ ಹೆಸರುಗಳಿಂದ ಅವರನ್ನು ಗುರುತಿಸಲಾಗುತ್ತದೆ. ಅಂಬೇಡ್ಕರರ ಅಜ್ಜ ಮಾಲೋಜಿ ಸಕ್ಪಾಲರು ಇದೇ ಸೈನ್ಯದಲ್ಲಿದ್ದವರು. ತಂದೆ ರಾಮಜಿ ಸಕ್ಪಾಲರು ಸುಬೇದಾರರಾಗಿ ಸೈನಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು. ತಾಯಿ ಭೀಮಾಬಾಯಿಯವರದೂ ಸೈನಿಕ ಮನೆತನ. ರತ್ನಾಗಿರಿ ಜಿಲ್ಲೆಯ ಅಂಬಡವೆ ಮೂಲದ ಈ ಕುಟುಂಬದ ಹದಿನಾಲ್ಕನೆಯ ಮಗುವಾಗಿ ಭೀಮರಾಯರು 1891ರ ಏಪ್ರಿಲ್ 14ರಂದು ಮಹೂ ದಂಡಿನ ಊರಿನಲ್ಲಿ ಜನಿಸಿದರು. ಊರಿನ ಶಾಲೆ ಒಳಗೆ ಬಿಟ್ಟುಕೊಳ್ಳದ ಮಕ್ಕಳಿಗೆ ದಂಡಿನ ಶಾಲೆ ಅಕ್ಷರ ಕಲಿಸಿತ್ತು ಎಂಬುದು ಇಲ್ಲಿ ಮುಖ್ಯ ಸಂಗತಿ. ಒಂದು ಸಮುದಾಯದ ಮೊದಲ ಓದುಬರಹ ಬಂದೂಕಿನ ಜೊತೆಯಲ್ಲಿ ಬಂದಿತ್ತು.

ಭೀಮರಾಯರು ಹುಟ್ಟಿದ ಸುಮಾರಿಗೇ ಆ ಬಾಗಿಲು ಮುಚ್ಚತೊಡಗಿತು. ಕೆಲವು ಜಾತಿ, ಜನಾಂಗಗಳು ಮಾತ್ರ ಹುಟ್ಟಿನಿಂದ ಯೋಧರು ಎಂಬ ಸಿದ್ಧಾಂತ ದಂಡನಾಯಕ ಲಾರ್ಡ್ ರಾಬರ್ಟ್ಸ್‌ನ ಕಾಲದಲ್ಲಿ ಬಲ ಪಡೆಯಿತು. 1890ರ ದಶಕದ ಆರಂಭದಲ್ಲಿ ಮಹಾರರ ನೇಮಕಾತಿಯನ್ನು ನಿಲ್ಲಿಸಲಾಯಿತು. ಗೋಪಾಳ ಬಾಬಾ ವಲಂಗಕರ್, ಅನಂತರ ಶಿವರಾಮ ಜಾನಬಾ ಕಾಂಬಳೆ ಮೊದಲಾದವರು ಇದರ ವಿರುದ್ಧ ಮನವಿಗಳನ್ನು ಸಿದ್ಧಪಡಿಸಿದರು. ವಸಾಹತುಶಾಹಿಯ ಜನಾಂಗಶಾಸ್ತ್ರ ಮತ್ತು ದೇಶೀಯ ಜಾತಿಪದ್ಧತಿ ಇಲ್ಲಿ ಪರಸ್ಪರ ಬೆಂಬಲಕ್ಕೆ ನಿಂತವು. ಎರಡೂ ಮನುಷ್ಯನ ಯೋಗ್ಯತೆಯನ್ನು ಹುಟ್ಟಿನಲ್ಲಿ ಹುಡುಕುವಂಥವು.

3

ನಿವೃತ್ತಿಯ ನಂತರ ಕುಟುಂಬ ದಾಪೋಲಿಗೂ ಅಲ್ಲಿಂದ ಸಾತಾರಕ್ಕೂ ಬಂದಿತು. ಸಾತಾರದ ಶಾಲೆಯಲ್ಲಿ ಬಾಲಕ ಭೀಮರಾಯರು ಮನೆಯಿಂದ ತಂದ ಗೋಣಿಯ ಮೇಲೆ ಪ್ರತ್ಯೇಕವಾಗಿ ಕೂರಬೇಕಾಗಿತ್ತು. ಶಾಲೆಯ ಜವಾನ ಇದ್ದರೆ ನೀರು, ಇಲ್ಲದಿದ್ದರೆ ಬಾಯಾರಿಕೆ. 1901ರಲ್ಲಿ ಅವರು ಅಣ್ಣ ಮತ್ತು ಅಕ್ಕನ ಮಕ್ಕಳೊಡನೆ ತಂದೆ ಕೆಲಸ ಮಾಡುತ್ತಿದ್ದ ಗೋರೇಗಾಂವಿಗೆ ಹೊರಟ ಪ್ರಸಂಗವನ್ನು ಮುಂದೆ ತಾವೇ ಬರೆದಿಟ್ಟರು. ಮಸೂರು ನಿಲ್ದಾಣದಲ್ಲಿ ಇಳಿದಾಗ ಶುಚಿಯಾದ ಉಡುಪಿನ ಈ ಮಕ್ಕಳನ್ನು ಸ್ಟೇಷನ್ ಮಾಸ್ತರರು ಆದರದಿಂದಲೇ ವಿಚಾರಿಸಿದರು. ಜಾತಿ ತಿಳಿದೊಡನೆ ಅವರ ಮುಖಭಾವ ಬದಲಾಯಿತು. ಗಾಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ಇಮ್ಮಡಿ ಬಾಡಿಗೆಗೆ ಒಪ್ಪಿದವನೂ ಮಕ್ಕಳೇ ಗಾಡಿ ಹೊಡೆಯಬೇಕೆಂಬ ಷರತ್ತು ಹಾಕಿದ. ರಾತ್ರಿಯಿಡೀ ಕುಡಿಯಲು ನೀರು ಸಿಗಲಿಲ್ಲ. ಅವರ ತಂದೆ ಆಗ ನಗದು ಗುಮಾಸ್ತರಾಗಿದ್ದುದು ಬರಗಾಲದ ಜನರಿಗೆ ಕೆಲಸ ಕೊಡಲು ಸರಕಾರ ತೋಡಿಸುತ್ತಿದ್ದ ಕೆರೆಯ ಕಾಮಗಾರಿಯಲ್ಲಿ. ಕೆರೆಯ ಲೆಕ್ಕ ಬರೆಯುವವರ ಮಕ್ಕಳು ನೀರಿಲ್ಲದೆ ರಾತ್ರಿ ಕಳೆದರು. ನಿಲ್ದಾಣದ ಆ ಕ್ಷಣದಲ್ಲಿ ಮಕ್ಕಳ ಉಡುಪು, ಮಾತು, ವಯಸ್ಸು ಯಾವುದೂ ಬದಲಾಗಿರಲಿಲ್ಲ; ಬದಲಾದದ್ದು ನೋಡುವವರ ಕಣ್ಣು. ಅಮಾನವೀಕರಣ ಎಂಬ ಪಾರಿಭಾಷಿಕ ಪದ ಸೂಚಿಸುವ ಕ್ರಿಯೆ ಇದೇ.

1912ರಲ್ಲಿ ಬಿ.ಎ. ಪದವಿ ಪಡೆದ ಅಂಬೇಡ್ಕರರು 1913ರಲ್ಲಿ ಬರೋಡಾ ಸಂಸ್ಥಾನದ ಸೇವೆಗೆ ಸೇರಿದರು. ಅದೇ ಫೆಬ್ರವರಿಯಲ್ಲಿ ತಂದೆ ತೀರಿಕೊಂಡರು. ಸಂಸ್ಥಾನದ ವಿದ್ಯಾರ್ಥಿವೇತನದಿಂದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ, ಬಳಿಕ ಲಂಡನ್ನಿನಲ್ಲಿ ಓದಿ 1917ರಲ್ಲಿ ಹಿಂತಿರುಗುವಾಗ ಮೊದಲ ಮಹಾಯುದ್ಧ ನಡೆದಿತ್ತು. ಅವರ ಪುಸ್ತಕಗಳನ್ನು ಹೊತ್ತಿದ್ದ ಹಡಗು ಟಾರ್ಪೆಡೊ ದಾಳಿಗೆ ಮುಳುಗಿತು. ಕಳೆದ ಸರಕಿಗೆ ದೊರೆತ ಪರಿಹಾರದ ಹಣ ಬರೋಡಾ ಪ್ರಯಾಣಕ್ಕೆ ಒದಗಿತು.

ಬರೋಡಾದಲ್ಲಿ ಅವರಿಗೆ ಸಿಕ್ಕ ಹುದ್ದೆ ಮಹಾರಾಜರ ಸೈನಿಕ ಕಾರ್ಯದರ್ಶಿಯದು. ಅಜ್ಜ, ತಂದೆ ಸಾಮಾನ್ಯ ಸಿಪಾಯಿಗಳಾಗಿ ಪ್ರವೇಶಿಸಿದ ಸೈನಿಕ ವ್ಯವಸ್ಥೆಯ ಮೇಲಿನ ತುದಿಯಲ್ಲಿ ಮಗ ಕುಳಿತಂತಾಯಿತು. ಆದರೆ ಜವಾನರು ಕಡತಗಳನ್ನು ದೂರದಿಂದ ಮೇಜಿನ ಮೇಲೆ ಎಸೆಯುತ್ತಿದ್ದರು. ಕಚೇರಿಯಲ್ಲಿ ಕುಡಿಯುವ ನೀರು ಸಿಗುತ್ತಿರಲಿಲ್ಲ. ಹೆಸರು ಬದಲಿಸಿ ತಂಗಿದ್ದ ಪಾರ್ಸಿ ವಸತಿಗೃಹಕ್ಕೆ ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತು. ಊರಿನಲ್ಲಿ ಬೇರೆಲ್ಲೂ ಆಶ್ರಯ ದೊರೆಯದೆ ಸಾರ್ವಜನಿಕ ಉದ್ಯಾನದಲ್ಲಿ ಕುಳಿತು ಅಂದು ರಾತ್ರಿ ರೈಲು ಹತ್ತಿದರು. 1934ರಲ್ಲಿ ದೌಲತಾಬಾದ್ ಕೋಟೆಯ ಹೊಂಡದ ನೀರಿನಲ್ಲಿ ಕೈಕಾಲು ತೊಳೆದುದಕ್ಕೆ ಸ್ಥಳೀಯ ಮುಸ್ಲಿಮರಿಂದ ಅವಮಾನಕ್ಕೆ ಒಳಗಾದರು. ಪೂರ್ವಗ್ರಹವು ಹುಟ್ಟಿದ ಧರ್ಮದ ಎಲ್ಲೆಯೊಳಗೆ ನಿಲ್ಲದೆ ನೆರೆಯವರಿಗೂ ಹರಡುತ್ತದೆ ಎಂಬುದನ್ನು ಈ ಎರಡೂ ಘಟನೆಗಳು ಅವರಿಗೆ ತಿಳಿಸಿದವು.

ಇತ್ತ 1917ರಲ್ಲಿ ಯುದ್ಧದ ಒತ್ತಡಕ್ಕೆ ಮಣಿದ ಸರಕಾರ 111ನೆಯ ಮಹಾರ್ ದಳವನ್ನು ಕಟ್ಟಿತ್ತು. ಯುದ್ಧ ಮುಗಿದ ಮೇಲೆ, 1921ರಲ್ಲಿ ಅದನ್ನು ವಿಸರ್ಜಿಸಿತು. ಯುದ್ಧ ಬಂದಾಗ ಯೋಧರು, ಶಾಂತಿ ಬಂದಾಗ ಅಸ್ಪೃಶ್ಯರು ಎಂಬ ಲೆಕ್ಕ ಮತ್ತೊಮ್ಮೆ ಪುನರಾವರ್ತನೆಯಾಯಿತು.

4

1920ರ ಜನವರಿಯಲ್ಲಿ ‘ಮೂಕನಾಯಕ’ ಪತ್ರಿಕೆ ಆರಂಭವಾಯಿತು. ಮಾರ್ಚ್‌ನಲ್ಲಿ ಕೊಲ್ಹಾಪುರ ಸಂಸ್ಥಾನದ ಮಾಣಗಾಂವಿನಲ್ಲಿ ನಡೆದ ಪರಿಷತ್ತಿನಲ್ಲಿ ಶಾಹೂ ಮಹಾರಾಜರು ಅಂಬೇಡ್ಕರರನ್ನು ನಾಯಕರೆಂದು ಬಹಿರಂಗವಾಗಿ ಗುರುತಿಸಿದರು. ಕೊಲ್ಹಾಪುರಕ್ಕೂ ನಿಪ್ಪಾಣಿಗೂ ನಡುವೆ ಭಾಷೆ, ವ್ಯಾಪಾರ, ಬಂಧುತ್ವಗಳ ನಿತ್ಯದ ಸಂಚಾರವಿದ್ದುದರಿಂದ ಈ ಚಳವಳಿ ಗಡಿ ಸೀಮೆಗೆ ಬೇಗ ಬಂದಿತು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆಯಿತು. ನಾಲ್ಕೇ ತಿಂಗಳಲ್ಲಿ, 1925ರ ಏಪ್ರಿಲಿನಲ್ಲಿ, ಅದೇ ಜಿಲ್ಲೆಯ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ಸೇರಿತು. ಮೊದಲನೆಯದಕ್ಕೆ ನಮ್ಮ ಚರಿತ್ರೆಯ ಪುಸ್ತಕಗಳು ಕೊಟ್ಟಿರುವ ಜಾಗವನ್ನು ಎರಡನೆಯದಕ್ಕೆ ಕೊಟ್ಟಿಲ್ಲ. ನಿಪ್ಪಾಣಿಯೊಡನೆ ನಂಟಿದ್ದ ಬಲವಂತರಾವ್ ವರಾಳೆಯವರು ಮುಂದೆ ಧಾರವಾಡದ ವಿದ್ಯಾರ್ಥಿನಿಲಯವನ್ನು ನೋಡಿಕೊಂಡು ಅಂಬೇಡ್ಕರರ ನಿಕಟವರ್ತಿಗಳಾದರು.

1927ರ ಜನವರಿ 1ರಂದು ಅಂಬೇಡ್ಕರರು ಕೋರೇಗಾಂವಿನ ಸ್ತಂಭದ ಬಳಿಗೆ ಹೋದರು. ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರನ್ನು ಸಾವಿರಾರು ಜನರೊಂದಿಗೆ ಮುಟ್ಟಿದರು. ಮೂರು ತಿಂಗಳ ಅಂತರದ ಈ ಎರಡು ಘಟನೆಗಳನ್ನು ಒಟ್ಟಿಗೆ ಓದಬೇಕು. ಸ್ತಂಭವು ತಮ್ಮವರ ಪರಾಕ್ರಮದ ನೆನಪು. ಆದರೆ ಆ ಪರಾಕ್ರಮ 109 ವರ್ಷಗಳಲ್ಲಿ ಅವರಿಗೆ ಒಂದು ಕೆರೆಯ ನೀರನ್ನೂ ತಂದುಕೊಟ್ಟಿರಲಿಲ್ಲ. ಪರಾಕ್ರಮದಿಂದ ಗಳಿಸಿದ ಗೌರವವನ್ನು ಕೊಟ್ಟವರು ಹಿಂಪಡೆಯಬಹುದು. ಮನುಷ್ಯನೆಂಬ ಕಾರಣಕ್ಕೆ ಸಲ್ಲುವ ಹಕ್ಕು ಬೇರೆ. ಮಹಾಡದ ಹೋರಾಟದ ವರ್ಷದಲ್ಲೇ ರೂಪುಗೊಂಡ ಸಮತಾ ಸೈನಿಕ ದಳದ ಹೆಸರಿನಲ್ಲಿ ಸೈನಿಕ ಎಂಬ ಮಾತು ಉಳಿಯಿತು. ಅದರ ಗುರಿ ಮಾತ್ರ ಸಮತೆಯಾಯಿತು.

5

1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ನಾಜಿ ವ್ಯವಸ್ಥೆಯ ಗೆಲುವು ಮನುಷ್ಯ ಸಮಾನತೆಯ ಸೋಲು ಎಂದು ಅಂಬೇಡ್ಕರರು ಭಾವಿಸಿದರು. 1941ರ ಜುಲೈನಲ್ಲಿ ರಚಿತವಾದ ರಾಷ್ಟ್ರೀಯ ರಕ್ಷಣಾ ಮಂಡಳಿಯಲ್ಲಿ ಅವರು ಸದಸ್ಯರಾದರು. ಮಹಾರರಿಗೆ ಸೈನ್ಯದ ಬಾಗಿಲು ಮತ್ತೆ ತೆರೆಯಬೇಕೆಂದು ಒತ್ತಾಯಿಸಿದರು. 1941ರ ಅಕ್ಟೋಬರ್ 1ರಂದು ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಬೆಳಗಾವಿಯಲ್ಲಿ ಕಟ್ಟಲ್ಪಟ್ಟಿತು. ಎರಡನೆಯದು ನಾಗಪುರದ ಬಳಿಯ ಕಾಮಠಿಯಲ್ಲಿ ರೂಪುಗೊಂಡಿತು. ರೆಜಿಮೆಂಟಿನ ಆರಂಭದ ಲಾಂಛನದಲ್ಲಿ ಕೋರೇಗಾಂವಿನ ಸ್ತಂಭವಿತ್ತು. ಎರಡು ದಶಕಗಳ ನಂತರ ತೆರೆದ ಈ ಬಾಗಿಲು ಕನ್ನಡ ನೆಲದ ಒಂದು ದಂಡಿನ ಊರಿನಲ್ಲಿ ತೆರೆಯಿತೆಂಬುದನ್ನು ಪ್ರಾದೇಶಿಕ ಚರಿತ್ರಕಾರರು ಗಮನಿಸಬೇಕಾಗಿದೆ. ಸ್ವಾತಂತ್ರ್ಯಾನಂತರವೂ ಉಳಿದು ಬಂದ ಈ ರೆಜಿಮೆಂಟು ಇಂದು ಎಲ್ಲ ಸಮುದಾಯದವರನ್ನೂ ಒಳಗೊಂಡಿದೆ.

ಯುದ್ಧವನ್ನು ಅಂಬೇಡ್ಕರರು ವೈಭವೀಕರಿಸಿದರೆಂದು ಇದರಿಂದ ತೀರ್ಮಾನಿಸಲಾಗದು. ಹುಟ್ಟಿನ ಆಧಾರದ ಮೇಲೆ ಯಾರನ್ನೂ ಒಂದು ಸಾರ್ವಜನಿಕ ಸಂಸ್ಥೆಯಿಂದ ಹೊರಗಿಡಬಾರದು ಎಂಬುದು ಅವರ ವಾದದ ತಿರುಳು. ಅವರು ಕರಡು ಸಮಿತಿಯ ಅಧ್ಯಕ್ಷರಾಗಿದ್ದು, 1949ರ ನವೆಂಬರ್ 26ರಂದು ಅಂಗೀಕಾರವಾದ ಸಂವಿಧಾನದಲ್ಲಿ ಈ ತಿರುಳು ಕಾನೂನಾಯಿತು. 16ನೆಯ ವಿಧಿ ಸರಕಾರಿ ಉದ್ಯೋಗದಲ್ಲಿ ಸಮಾನ ಅವಕಾಶವನ್ನು ಕೊಟ್ಟಿತು. 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 15ನೆಯ ವಿಧಿ ಸಾರ್ವಜನಿಕ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಎಲ್ಲರಿಗೂ ತೆರೆಯಿತು. ಮಸೂರಿನ ದಾರಿಯ ಬಾಯಾರಿಕೆ ಮತ್ತು ಮಹಾಡದ ಕೆರೆ ಈ ವಿಧಿಯ ಹಿಂದಿವೆ.

6

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರರು ಲಕ್ಷಾಂತರ ಜನರೊಡನೆ ಬೌದ್ಧಧರ್ಮ ಸ್ವೀಕರಿಸಿದರು. ಅದಕ್ಕೆ ಆರಿಸಿಕೊಂಡ ದಿನ ಅಶೋಕ ವಿಜಯದಶಮಿ. ಕಳಿಂಗದ ಯುದ್ಧವನ್ನು ಗೆದ್ದು ಗೆಲುವಿಗೇ ಮರುಗಿದ ಅರಸನ ನೆನಪಿನ ದಿನ. ಅವರ ಮರಣಾನಂತರ 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ ಕೃತಿಯಲ್ಲಿ ಸಿದ್ಧಾರ್ಥನ ಗೃಹತ್ಯಾಗದ ಕಥೆ ಬೇರೆಯದೇ ಆಗಿದೆ. ಮುಪ್ಪು, ರೋಗ, ಸಾವುಗಳನ್ನು ಮೊದಲ ಬಾರಿಗೆ ಕಂಡು ಮನೆಬಿಟ್ಟನೆಂಬ ಸಾಂಪ್ರದಾಯಿಕ ವಿವರಣೆಯನ್ನು ಅಂಬೇಡ್ಕರರು ಒಪ್ಪುವುದಿಲ್ಲ. ಅವರ ನಿರೂಪಣೆಯಲ್ಲಿ ಶಾಕ್ಯರಿಗೂ ನೆರೆಯ ಕೋಲಿಯರಿಗೂ ರೋಹಿಣಿ ನದಿಯ ನೀರಿಗಾಗಿ ಜಗಳವಾಗುತ್ತದೆ. ಶಾಕ್ಯರ ಸಂಘದಲ್ಲಿ ಸೇನಾಪತಿ ಯುದ್ಧದ ನಿರ್ಣಯ ಮಂಡಿಸುತ್ತಾನೆ. ಸಿದ್ಧಾರ್ಥ ಅದನ್ನು ವಿರೋಧಿಸಿ, ಎರಡೂ ಕಡೆಯ ಪ್ರತಿನಿಧಿಗಳಿಂದ ವಿವಾದ ಬಗೆಹರಿಸಲು ಸೂಚಿಸುತ್ತಾನೆ, ಬಹುಮತ ಸಿಗುವುದಿಲ್ಲ. ಸೈನ್ಯಕ್ಕೆ ಸೇರಲು ನಿರಾಕರಿಸಿದಾಗ ಕುಟುಂಬಕ್ಕೆ ಬಹಿಷ್ಕಾರ ಹಾಕುವ, ಭೂಮಿ ಮುಟ್ಟುಗೋಲು ಹಾಕುವ ಬೆದರಿಕೆ ಬರುತ್ತದೆ. ಕುಟುಂಬವನ್ನು ಉಳಿಸಲು ಅವನು ಪರಿವ್ರಾಜಕನಾಗಿ ದೇಶ ಬಿಡುತ್ತಾನೆ.

ನೀರು, ಸೈನ್ಯ, ಬಹಿಷ್ಕಾರ: ಅಂಬೇಡ್ಕರರ ಬದುಕಿನ ಮೂರು ಎಳೆಗಳು ಈ ಕಥೆಯಲ್ಲಿ ಒಂದಾಗಿವೆ. ಸೈನ್ಯಕ್ಕೆ ಸೇರುವ ಹಕ್ಕಿಗಾಗಿ ದಶಕಗಳ ಕಾಲ ವಾದಿಸಿದವರು ತಮ್ಮ ಕೊನೆಯ ಗ್ರಂಥದಲ್ಲಿ ಸೈನ್ಯಕ್ಕೆ ಸೇರಲೊಲ್ಲದವನನ್ನು ನಾಯಕನನ್ನಾಗಿಸಿದರು. ಇದನ್ನು ವಿರೋಧಾಭಾಸವೆಂದು ಓದುವುದು ಸುಲಭ. ಆದರೆ ಎರಡೂ ನಿಲುವುಗಳ ಬೇರು ಒಂದೇ. ಯಾವ ಮನುಷ್ಯನನ್ನೂ ಹುಟ್ಟಿನಿಂದ ಕೀಳೆಂದು ಎಣಿಸಬಾರದೆಂಬುದು ಮೊದಲನೆಯದು. ಯಾವ ನೆರೆಯವನನ್ನೂ ಸುಲಭವಾಗಿ ಶತ್ರುವೆಂದು ಎಣಿಸಬಾರದೆಂಬುದು ಎರಡನೆಯದು. ಹಕ್ಕು ಇಲ್ಲದವನು ನಿರಾಕರಿಸಿದರೆ ಅದು ಅಸಹಾಯಕತೆಯಾಗಿ ಕಾಣುತ್ತದೆ. ಹಕ್ಕು ಉಳ್ಳವನ ನಿರಾಕರಣೆಗೆ ಮಾತ್ರ ನೈತಿಕ ಆಯ್ಕೆಯ ಬೆಲೆ ಬರುತ್ತದೆ. ಸೈನ್ಯದ ಬಾಗಿಲನ್ನು ಮೊದಲು ತೆರೆಯಿಸಬೇಕಾದ ಅಗತ್ಯ ಇಲ್ಲಿ ಸ್ಪಷ್ಟವಾಗುತ್ತದೆ.

ಅದೇ ಗ್ರಂಥದಲ್ಲಿ ಅವರು ಕರುಣೆಗಿಂತ ಮೈತ್ರಿಯನ್ನು ಮುಂದಿಟ್ಟರು. ಕರುಣೆಗೆ ಕೊಡುವವನೂ ಪಡೆಯುವವನೂ ಬೇಕು. ಸ್ಟೇಷನ್ ಮಾಸ್ತರರಲ್ಲಿ ಆ ಮಕ್ಕಳ ಬಗ್ಗೆ ಕರುಣೆ ಮೂಡಿದ್ದರೂ ಅವರ ನೋಟ ಮೇಲಿನಿಂದಲೇ ಬರುತ್ತಿತ್ತು. ಮೈತ್ರಿ ಸಮಾನರ ನಡುವಿನ ಭಾವ, ಎಲ್ಲ ಜೀವಿಗಳಿಗೂ ಚಾಚುವಂಥದು. ಭಾಷೆಯ, ನದಿಯ, ರಾಜ್ಯದ ಎಲ್ಲೆಗಳ ವಿವಾದಗಳನ್ನು ತಲೆಮಾರುಗಳಿಂದ ಕಂಡಿರುವ ನಿಪ್ಪಾಣಿ-ಚಿಕ್ಕೋಡಿ ಸೀಮೆಗೆ ರೋಹಿಣಿಯ ಕಥೆ ದೂರದ್ದೆನಿಸಲಾರದು. 1925ರಲ್ಲಿ ಅಂಬೇಡ್ಕರರು ಬಂದುಹೋದ ಈ ನೆಲದಲ್ಲಿ, ಕನ್ನಡ ಮತ್ತು ಮರಾಠಿ ಎರಡರಲ್ಲೂ ಅವರ ನೆನಪುಗಳು ಉಳಿದಿರುವಾಗ, ಅವುಗಳನ್ನು ಸಂಗ್ರಹಿಸಿ ಒಟ್ಟಿಗೆ ಓದುವ ಕೆಲಸ ಎರಡೂ ಭಾಷೆಗಳ ಸಂಶೋಧಕರ ಮುಂದಿದೆ.