ಹೆನ್ರಿ ಕ್ಯಾವೆಂಡಿಶ್: ಆಸಕ್ತಿಯೇ ಬದುಕಾದಾಗ

ಜಲಜನಕದ ಪಾಠ ಯೋಜನೆಯಲ್ಲಿ ವಿಜ್ಞಾನಿಯ ಪರಿಚಯಕ್ಕೆ ನಾವು ಎರಡು ಸಾಲು ಬಿಡುತ್ತೇವೆ. ಹೆನ್ರಿ ಕ್ಯಾವೆಂಡಿಶ್ (1731–1810) ಅವರಿಗೆ ಅಷ್ಟು ಸಾಲದು ಎಂದು ನನಗನ್ನಿಸಿತು.

ಶ್ರೀಮಂತ ಇಂಗ್ಲಿಷ್ ಮನೆತನದ ಈ ಮಗು ಎರಡು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡಿತು. 1753ರಲ್ಲಿ ಅವರು ಪದವಿ ಪಡೆಯದೆ ಕೇಂಬ್ರಿಜ್ ಬಿಟ್ಟರು. ತಂದೆ ಲಾರ್ಡ್ ಚಾರ್ಲ್ಸ್ ತಾವೂ ಪ್ರಯೋಗ ಮಾಡುತ್ತಿದ್ದವರು. ಮಗನನ್ನು ರಾಯಲ್ ಸೊಸೈಟಿಯ ಸಭೆಗಳಿಗೆ ಕರೆದೊಯ್ದರು. 1760ರಲ್ಲಿ ಹೆನ್ರಿ ಅದರ ಸದಸ್ಯರಾದರು.

ಅಪರಿಚಿತರೊಡನೆ ಮಾತೆಂದರೆ ಅವರಿಗೆ ಹಿಂಸೆ. ಊಟಕ್ಕೆ ಏನು ಬೇಕೆಂಬುದನ್ನೂ ಕೆಲಸದವರಿಗೆ ಚೀಟಿ ಬರೆದು ತಿಳಿಸುತ್ತಿದ್ದರು. ಅಳತೆ, ತೂಕಗಳಲ್ಲಿ ಮಾತ್ರ ಅವರಿಗೆ ದಣಿವಿರಲಿಲ್ಲ. ಲೋಹಕ್ಕೆ ಆಮ್ಲ ಸೇರಿದಾಗ ಹೊಮ್ಮುವ ದಹ್ಯ ಅನಿಲದ ಗುಣಗಳನ್ನು 1766ರಲ್ಲಿ ವಿವರಿಸಿದರು. ಅದು ಉರಿದಾಗ ನೀರು ಉಂಟಾಗುತ್ತದೆಂದು 1784ರಲ್ಲಿ ಪ್ರಕಟಿಸಿದರು. ಮರುವರ್ಷ, ಗಾಳಿಯ ಸಾರಜನಕವನ್ನೆಲ್ಲ ತೆಗೆದ ಮೇಲೂ ಉಳಿದ ಒಂದು ಪುಟ್ಟ ಗುಳ್ಳೆಯನ್ನು ಬಿಡದೆ ದಾಖಲಿಸಿದರು. ಅದರ ಗುಟ್ಟು ತಿಳಿದದ್ದು 1894ರಲ್ಲಿ, ಆರ್ಗಾನ್ ಪತ್ತೆಯಾದಾಗ. 1797–98ರಲ್ಲಿ, ಸುಮಾರು 158 ಕಿಲೋ ತೂಕದ ಎರಡು ಸೀಸದ ಗುಂಡುಗಳನ್ನಿಟ್ಟು, ಕೋಣೆ ಮುಚ್ಚಿ, ಹೊರಗಿನಿಂದ ದೂರದರ್ಶಕದಲ್ಲಿ ನೋಡುತ್ತ, ಭೂಮಿಯ ಸಾಂದ್ರತೆ ನೀರಿನ ಸುಮಾರು ಐದೂವರೆ ಪಟ್ಟು ಎಂದು ಕಂಡುಕೊಂಡರು.

ಈ ಸ್ವಭಾವ ಆಟಿಸಂನ ಒಂದು ಬಗೆಯೆಂದು ನರವೈದ್ಯ ಆಲಿವರ್ ಸ್ಯಾಕ್ಸ್ 2001ರಲ್ಲಿ ಬರೆದರು. ಎರಡು ಶತಮಾನದ ಹಿಂದಿನವರನ್ನು ಪರೀಕ್ಷಿಸಲಾಗದು. ನಾನು ಹಣೆಪಟ್ಟಿ ಹಚ್ಚುವುದಿಲ್ಲ. ನನಗೆ ಮುಖ್ಯವೆನಿಸಿದ್ದು ಬೇರೆ. ಅವರನ್ನು ಜನರ ಬಳಿಗೆ ತಂದದ್ದೂ ಅದೇ ಆಸಕ್ತಿ. ರಾಯಲ್ ಸೊಸೈಟಿ ಗೆಳೆಯರ ಊಟದ ಕೂಟಕ್ಕೆ ಅವರು ತಪ್ಪುತ್ತಿರಲಿಲ್ಲ. ಮುಖ ನೋಡದೆ, ಪಕ್ಕದಲ್ಲಿ ನಿಂತು, ಗಾಳಿಗೆ ಹೇಳಿದಂತೆ ವಿಜ್ಞಾನದ ಮಾತೆತ್ತಿದರೆ ಉತ್ತರ ಸಿಗಬಹುದೆಂದು ಆ ಗೆಳೆಯರು ಕಲಿತಿದ್ದರು. ಆದರೂ ವಿದ್ಯುತ್ತಿನ ಮೇಲಿನ ಅವರ ಬಹುಪಾಲು ಕೆಲಸ ಹಸ್ತಪ್ರತಿಯಲ್ಲೇ ಉಳಿಯಿತು. ಮ್ಯಾಕ್ಸ್‌ವೆಲ್ ಅದನ್ನು ಪ್ರಕಟಿಸಿದ್ದು 1879ರಲ್ಲಿ.

ಹಣ, ಪ್ರಯೋಗಾಲಯ, ಕೈಹಿಡಿದ ತಂದೆ, ಕಾದು ಮಾತಾಡಿಸುವ ಗೆಳೆಯರು ಕ್ಯಾವೆಂಡಿಶ್‌ಗೆ ಇದ್ದರು. ನಾವು ಅಭ್ಯಾಸ ಬೋಧನೆಗೆ ಹೋಗುವ ತರಗತಿಯಲ್ಲಿ ಬಸ್ಸಿನ ವೇಳಾಪಟ್ಟಿಯನ್ನೇ ಬರೆಯುತ್ತ ಕೂರುವ ಮಗುವಿಗೆ ಇರುವುದು ಬಹುಶಃ ನಾವು ಮಾತ್ರ. ಆ ಹಾಳೆಯನ್ನು ಕಸಿಯದೆ, ಜವದ ಲೆಕ್ಕವನ್ನು ಅಲ್ಲಿಂದಲೇ ಶುರುಮಾಡೋಣ. ದೊಡ್ಡವರಾದಾಗ ಅವರಿಗೆ ಕೆಲಸವೂ ಗೆಳೆತನವೂ ಸಿಗುವ ದಾರಿ ಅದೇ ಆಗಿರಬಹುದು.