ಸಿಗಾರ್ ಸೇದಿಯೂ 90 ವರ್ಷ ಬದುಕಿದ ಚರ್ಚಿಲ್: ಈ ಫಾರ್ವರ್ಡ್ ನಂಬಬಹುದೇ?

ಚಿಕ್ಕೇರೂರಿನ ನಮ್ಮ ಮನೆಮಂದಿಯ ವಾಟ್ಸ್‌ಆ್ಯಪ್ ಗ್ರೂಪಿಗೆ ಕಾಕಾ ಒಂದು ಫಾರ್ವರ್ಡ್ ಕಳಿಸಿದ್ದರು. ಬಾಯಲ್ಲಿ ದಪ್ಪ ಸಿಗಾರ್ ಇಟ್ಟುಕೊಂಡ ವಿನ್‌ಸ್ಟನ್ ಚರ್ಚಿಲ್ ಫೋಟೊ. ಅದರ ಕೆಳಗೆ ಎರಡು ಮಾತು. ಒಂದು, ಜೀವನವಿಡೀ ಸಿಗಾರ್ ಸೇದಿದ ಇವರು 90 ವರ್ಷ ಬದುಕಿದರು. ಎರಡು, ಹಳೆಯ ಕಪಾಟಿನಲ್ಲಿ ಹದವಾದ ತೇವದಲ್ಲಿಟ್ಟ ತಂಬಾಕಿನ ವಿಷ ಇಳಿದುಹೋಗುತ್ತದೆ. ಕಾಕಾ ದಿನಕ್ಕೊಂದು ಕಟ್ಟು ಬೀಡಿ ಸೇದುವವರು. ಅದಕ್ಕೇ ಈ ಫಾರ್ವರ್ಡನ್ನು ಸುಮ್ಮನೆ ಬಿಡಲಾಗಲಿಲ್ಲ.

ಬೆಂಗಳೂರಿನಲ್ಲಿದ್ದ ಯುವಕ

ಚರ್ಚಿಲ್ ಹುಟ್ಟಿದ್ದು 1874ರ ನವೆಂಬರ್ 30ರಂದು, ಇಂಗ್ಲೆಂಡಿನ ಬ್ಲೆನ್‌ಹೈಮ್ ಅರಮನೆಯಲ್ಲಿ. 1895ರಲ್ಲಿ ಯುದ್ಧ ನೋಡಲು ಕ್ಯೂಬಾಕ್ಕೆ ಹೋದರು. ಹವಾನಾ ಸಿಗಾರ್‌ನ ನಂಟು ಗಟ್ಟಿಯಾದದ್ದು ಅಲ್ಲೇ. ಮರುವರ್ಷ ಸೇನಾಧಿಕಾರಿಯಾಗಿ ಬೆಂಗಳೂರಿಗೆ ಬಂದರು. ಪೋಲೊ ಆಟ, ಗುಲಾಬಿ ತೋಟ, ರಾಶಿ ಪುಸ್ತಕಗಳ ಓದು ಅವರ ದಿನಚರಿ. ಚಿಟ್ಟೆಗಳನ್ನೂ ಹಿಡಿದು ಕಪಾಟಿನಲ್ಲಿ ಜೋಡಿಸುತ್ತಿದ್ದರು. ಇಲಿಯೊಂದು ಒಳಹೊಕ್ಕು ಅಷ್ಟನ್ನೂ ತಿಂದುಹಾಕಿತು! ಬೆಂಗಳೂರು ಕ್ಲಬ್ಬಿನ ಹಳೆಯ ಲೆಕ್ಕದಲ್ಲಿ ಅವರ ಹೆಸರಿನ ಮುಂದೆ 13 ರೂಪಾಯಿ ಬಾಕಿ ಇಂದಿಗೂ ಉಳಿದಿದೆ.

1940ರಲ್ಲಿ ಬ್ರಿಟನ್ನಿನ ಪ್ರಧಾನಿಯಾದರು, ಹಿಟ್ಲರ್ ವಿರುದ್ಧದ ಯುದ್ಧದಲ್ಲಿ ದೇಶವನ್ನು ಮುನ್ನಡೆಸಿದರು. 1943ರ ಬಂಗಾಳದ ಬರಗಾಲದಲ್ಲಿ ಲಕ್ಷಾಂತರ ಭಾರತೀಯರು ಸತ್ತಾಗ ಅಧಿಕಾರದಲ್ಲಿದ್ದುದೂ ಅವರ ಸರ್ಕಾರವೇ. ಆ ಕಳಂಕ ಇನ್ನೂ ಹೋಗಿಲ್ಲ.

ಸಿಗಾರ್ ತುಂಬಿದ ಕಪಾಟು

1941ರಲ್ಲಿ ಕ್ಯೂಬಾದಿಂದ ಚರ್ಚಿಲ್‌ಗೆ ಒಂದು ಉಡುಗೊರೆ ಬಂತು: ಎರಡು ಸಾವಿರಕ್ಕೂ ಹೆಚ್ಚು ಸಿಗಾರ್ ತುಂಬಿದ ಕಪಾಟು. ಶತ್ರುಗಳು ವಿಷ ಬೆರೆಸಿರಬಹುದೆಂಬ ಅನುಮಾನದಿಂದ ಬೇಹುಗಾರಿಕೆ ವಿಭಾಗದ ವಿಜ್ಞಾನಿ ವಿಕ್ಟರ್ ರಾತ್ಸ್‌ಚೈಲ್ಡ್ ಮಾದರಿಗಳನ್ನು ಪರೀಕ್ಷೆಗೆ ಹಾಕಿದರು.

ಸಿಗಾರ್‌ಗೆ ಕಪಾಟು ಯಾಕೆ ಬೇಕು? ತಂಬಾಕಿನ ಎಲೆ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಒಣಗಿದರೆ ಸಿಗಾರ್ ಬಿರಿಯುತ್ತದೆ, ಬೇಗ ಉರಿದುಹೋಗುತ್ತದೆ. ತೇವ ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ, ಸೆಕೆಯೂ ಸೇರಿದರೆ ಹುಳು ಬೀಳುತ್ತದೆ. ಅದಕ್ಕೆ ಕಪಾಟಿನ ಸಂದಿಗಳನ್ನೆಲ್ಲ ಮುಚ್ಚಿ, ಒಳಗೆ ಸೀಡರ್ ಮರದ ಹಲಗೆ ಹೊದಿಸಿ, ನೀರು ಹೀರಿದ ಸ್ಪಂಜಿನಂಥದ್ದನ್ನು ಇಟ್ಟು, ಗಾಳಿಯ ತೇವವನ್ನು ಶೇ. 65ರಿಂದ 70ರೊಳಗೆ ನಿಲ್ಲಿಸುತ್ತಾರೆ. ಇದೇ ಹ್ಯೂಮಿಡರ್. ತೇವ ಅಳೆಯುವ ಮೀಟರ್ ಸರಿಯಿದೆಯೇ ಎಂದು ನೋಡಲು ಅಡುಗೆ ಉಪ್ಪೇ ಸಾಕು. ಮುಚ್ಚಳದಲ್ಲಿ ಉಪ್ಪು ಹಾಕಿ, ಅದು ಕರಗಿಹೋಗದಂತೆ ಸ್ವಲ್ಪವೇ ನೀರು ಚಿಮುಕಿಸಿ, ಮೀಟರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಕೆಲವು ಗಂಟೆಗಳಲ್ಲಿ ಒಳಗಿನ ತೇವ ಶೇ. 75ಕ್ಕೆ ಬಂದು ನಿಲ್ಲುತ್ತದೆ.

ನಮ್ಮ ಹಾವೇರಿ ಜಿಲ್ಲೆಯವರಿಗೆ ಇದು ಹೊಸದಲ್ಲ. ಬ್ಯಾಡಗಿ ಮೆಣಸಿನಕಾಯಿಯನ್ನು ಸರಿಯಾಗಿ ಒಣಗಿಸದೆ ಚೀಲ ಕಟ್ಟಿದರೆ ಏನಾಗುತ್ತದೆಂದು ಗೊತ್ತು. ಹಿಂದಿನವರು ಜೋಳವನ್ನು ಹಗೇವಿನಲ್ಲಿ ಮುಚ್ಚಿಡುತ್ತಿದ್ದುದೂ ಕಾಳು ಕೆಡದಿರಲೆಂದೇ. ಆದರೆ ಹೀಗೆ ಜೋಪಾನ ಮಾಡಿದರೆ ಮೆಣಸಿನಕಾಯಿಯ ಖಾರ ಹೋಗುತ್ತದೆಯೇ? ಇಲ್ಲ. ತಂಬಾಕಿನ ನಿಕೋಟಿನ್ ಕೂಡ ಹಾಗೆಯೇ. ಕಪಾಟು ಕಾಯುವುದು ರುಚಿಯನ್ನು, ಸೇದುವವರನ್ನಲ್ಲ. ಬೆಂಕಿ ತಾಗಿದೊಡನೆ ಟಾರ್, ಕಾರ್ಬನ್ ಮಾನಾಕ್ಸೈಡ್ ಎಲ್ಲವೂ ಹೊರಬರುತ್ತವೆ. ಉಡುಗೊರೆಯಲ್ಲಿ ಶತ್ರುಗಳ ವಿಷ ಹುಡುಕಿದರು, ಎಲೆಯಲ್ಲೇ ಇದ್ದ ವಿಷದ ಬಗ್ಗೆ ಯಾರೂ ಯೋಚಿಸಲಿಲ್ಲ.

90 ವರ್ಷದ ಲೆಕ್ಕ

ಚರ್ಚಿಲ್ ಹೊಗೆಯನ್ನು ಎದೆಯೊಳಗೆ ಎಳೆದುಕೊಳ್ಳುತ್ತಿದ್ದುದು ಕಡಿಮೆ. ಎಷ್ಟೋ ಹೊತ್ತು ಸಿಗಾರ್ ಆರಿಹೋಗಿ ಬಾಯಲ್ಲಿ ಸುಮ್ಮನೆ ಇರುತ್ತಿತ್ತು. ಹಾಗೆಂದು ಅದು ಸುರಕ್ಷಿತವಲ್ಲ. ಒಳಗೆ ಎಳೆಯದವರಿಗೂ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಅಪಾಯವಿದೆ. ಮನಶ್ಶಾಸ್ತ್ರಜ್ಞ ಸಿಗ್ಮಂಡ್ ಫ್ರಾಯ್ಡ್ ಕೂಡ ಸಿಗಾರ್ ಪ್ರಿಯರು. 1923ರಲ್ಲಿ ಅವರಿಗೆ ಬಾಯಿ ಕ್ಯಾನ್ಸರ್ ಪತ್ತೆಯಾಯಿತು, 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು.

ಫಾರ್ವರ್ಡ್ ಹೇಳದ ಇನ್ನೊಂದು ಸಂಗತಿ: ಚರ್ಚಿಲ್ ಆರೋಗ್ಯವಂತರಾಗಿಯೇನೂ ಇರಲಿಲ್ಲ. 1943ರಲ್ಲಿ ಎರಡು ಸಲ ನ್ಯುಮೋನಿಯಾ, 1949ರಲ್ಲಿ ಪಾರ್ಶ್ವವಾಯು, 1953ರಲ್ಲಿ ಮತ್ತೊಂದು. ಆಗ ಅವರೇ ಪ್ರಧಾನಿ, ವಿಷಯವನ್ನು ಜನರಿಂದ ಮುಚ್ಚಿಟ್ಟರು. ಕೊನೆಗೆ 1965ರ ಜನವರಿ 24ರಂದು ತೀರಿಕೊಂಡದ್ದೂ ಪಾರ್ಶ್ವವಾಯುವಿನಿಂದಲೇ. ಕೂತಲ್ಲಿಗೇ ಬರುವ ವೈದ್ಯರು ಅವರಿಗಿದ್ದರು, ನಮಗಿಲ್ಲ.

ಅದೇ ದೇಶದ ರಾಜ ಆರನೇ ಜಾರ್ಜ್ ಕೂಡ ವಿಪರೀತ ಸೇದುತ್ತಿದ್ದರು. 1951ರಲ್ಲಿ ಕ್ಯಾನ್ಸರ್ ತಗುಲಿದ ಶ್ವಾಸಕೋಶ ತೆಗೆಸಿ, ಮರುವರ್ಷ 56ನೇ ವಯಸ್ಸಿಗೇ ತೀರಿಕೊಂಡರು. ಅವರ ಫೋಟೊ ಇರುವ ಫಾರ್ವರ್ಡ್ ನಿಮಗೆ ಬಂದಿದೆಯೇ? ಬದುಕಿದವರದ್ದು ಮಾತ್ರ ಕತೆಯಾಗುತ್ತದೆ. ಇಂಥ ಫಾರ್ವರ್ಡ್‌ಗಳ ಮೋಸ ಇರುವುದೇ ಇಲ್ಲಿ.

ಒಬ್ಬರ ಕತೆ ಬಿಟ್ಟು ಸಾವಿರಾರು ಜನರನ್ನು ನೋಡೋಣ. 1951ರಲ್ಲಿ ರಿಚರ್ಡ್ ಡಾಲ್ ಮತ್ತು ಸಂಗಡಿಗರು ಬ್ರಿಟನ್ನಿನ ವೈದ್ಯರ ಮೇಲೆ ಅಧ್ಯಯನ ಶುರು ಮಾಡಿ 50 ವರ್ಷ ಮುಂದುವರಿಸಿದರು. ಸಿಗರೇಟು ಸೇದುವವರು ಸರಾಸರಿ 10 ವರ್ಷ ಮೊದಲೇ ಸಾಯುತ್ತಾರೆಂದು ತಿಳಿಯಿತು. 50ಕ್ಕೆ ಬಿಟ್ಟವರಿಗೆ ಸುಮಾರು 6 ವರ್ಷ, 60ಕ್ಕೆ ಬಿಟ್ಟವರಿಗೂ ಸುಮಾರು 3 ವರ್ಷ ಆಯಸ್ಸು ಉಳಿಯಿತು.

ತೀರ್ಮಾನ: ಚರ್ಚಿಲ್ 90 ವರ್ಷ ಬದುಕಿದ್ದು ನಿಜ. ಸಿಗಾರ್ ಅಪಾಯವಿಲ್ಲ, ಕಪಾಟಿನಲ್ಲಿಟ್ಟರೆ ವಿಷ ಇಳಿಯುತ್ತದೆ ಎಂಬುದು ಸುಳ್ಳು.

ಕಾಕಾಗೆ ಈಗ 60 ದಾಟಿದೆ. ಗ್ರೂಪಿನಲ್ಲಿ ವಾದ ಮಾಡದೆ, ತಂಬಾಕು ಬಿಡಲು ನೆರವಾಗುವ ಉಚಿತ ಸಹಾಯವಾಣಿ 1800-11-2356 ಅನ್ನು ಅವರಿಗೆ ಕಳಿಸಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಕಾಕಾ ಇದ್ದರೆ, ಫಾರ್ವರ್ಡ್ ಮಾಡಬೇಕಾದ್ದು ಈ ನಂಬರನ್ನು.