ಮಹಾರಾಣಿ ಲಕ್ಷ್ಮಮ್ಮಣ್ಣಿ ಮತ್ತು ಸಿಡುಬಿನ ಲಸಿಕೆ

ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿಯಾದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು 1766ರಲ್ಲಿ ಪತಿಯನ್ನು ಕಳೆದುಕೊಂಡರು. ಅಧಿಕಾರವು ಹೈದರಾಲಿಯ ಕೈಸೇರಿದ್ದ ಆ ಕಾಲದಲ್ಲಿ, ಇಂದಿನ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ನಿರ್ಬಂಧದಲ್ಲಿದ್ದುಕೊಂಡೇ ರಾಜ್ಯವನ್ನು ಮರಳಿ ಪಡೆಯಲು ಯತ್ನಿಸಿದರು. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಕದನ ನಡೆಯಿತು; ಮೇ 4ರಂದು ಟಿಪ್ಪು ಸುಲ್ತಾನರು ಮಡಿದರು. ಜೂನ್ 30ರಂದು ಇವರ ಮೊಮ್ಮಗ, ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು.

ಆಗ ಸಿಡುಬು ಮನೆಮನೆಯ ಭಯವಾಗಿತ್ತು. ಎಡ್ವರ್ಡ್ ಜೆನ್ನರ್ 1796ರಲ್ಲಿ ಪರೀಕ್ಷಿಸಿದ ಲಸಿಕೆಯು 1802ರಲ್ಲಿ ಭಾರತಕ್ಕೆ ಬಂದಿತು. ಅದನ್ನು ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಹಾಕುತ್ತಿದ್ದುದರಿಂದ ಮಡಿ-ಮೈಲಿಗೆಯ ಅಳುಕು ಜನರಲ್ಲಿತ್ತು. ಹೀಗಿರುವಾಗ ಅರಮನೆಯ ಕಿರಿಯ ರಾಣಿ ದೇವಾಜಮ್ಮಣ್ಣಿಯವರು ಲಸಿಕೆ ಪಡೆದರು. ಸುಮಾರು 1805ರಲ್ಲಿ ಥಾಮಸ್ ಹಿಕಿ ರಚಿಸಿದ ಚಿತ್ರವೊಂದರಲ್ಲಿ, ತೋಳು ತೋರುತ್ತಿರುವ ಈ ರಾಣಿಯ ಜೊತೆ ಲಕ್ಷ್ಮಮ್ಮಣ್ಣಿಯವರೂ ಇದ್ದಾರೆಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಗುರುತಿಸಿದ್ದಾರೆ.

ಹಸುಸಿಡುಬಿನ ವೈರಾಣು ಸಿಡುಬಿನ ವೈರಾಣುವನ್ನು ಹೋಲುತ್ತದೆ. ಅದರ ವಿರುದ್ಧ ಬಿಳಿ ರಕ್ತಕಣಗಳು ಪ್ರತಿಕಾಯಗಳನ್ನು ಉತ್ಪಾದಿಸುತ್ತವೆ. ಕೆಲವು ಕಣಗಳು ಆ ಗುರುತನ್ನು ನೆನಪಿನಲ್ಲಿರಿಸಿಕೊಳ್ಳುತ್ತವೆ. ಮುಂದೆ ನಿಜವಾದ ಸಿಡುಬು ಬಂದಾಗ ದೇಹವು ತಡಮಾಡದೆ ಹೋರಾಡುತ್ತದೆ. ಈ ವಿವರಣೆ ಅಂದು ಯಾರಿಗೂ ತಿಳಿದಿರಲಿಲ್ಲ. ಅರಮನೆಯ ನಿದರ್ಶನವೇ ಜನರಿಗೆ ಧೈರ್ಯವಾಯಿತು.

ಲಕ್ಷ್ಮಮ್ಮಣ್ಣಿಯವರು 1810ರಲ್ಲಿ ನಿಧನರಾದರು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಜಗತ್ತು ಸಿಡುಬುಮುಕ್ತವೆಂದು ಘೋಷಿಸಿತು. ದಡಾರ, ಪೋಲಿಯೊ ಮುಂತಾದ ರೋಗಗಳ ವಿರುದ್ಧ ಮಂಡ್ಯ, ಮದ್ದೂರು, ಮಳವಳ್ಳಿ ಸೇರಿದಂತೆ ಎಲ್ಲೆಡೆ ಸರ್ಕಾರಿ ಆಸ್ಪತ್ರೆಗಳಲ್ಲಿ ಮಕ್ಕಳಿಗೆ ಉಚಿತವಾಗಿ ಲಸಿಕೆ ನೀಡಲಾಗುತ್ತದೆ. ಪೋಷಕರು ತಾಯಿ ಕಾರ್ಡಿನೊಂದಿಗೆ ನಿಗದಿತ ದಿನದಂದು ಮಕ್ಕಳನ್ನು ಕರೆತರುವುದು.